ಮನೆ ತಿದ್ದಿ ಮಾನ ಗಳಿಸಿದ ಇಟೋ

1858ರ ಒಪ್ಪಂದದಂತೆ, ಜಪಾನಿನಲ್ಲಿ ಅಪರಾಧವೆಸಗಿದ ಆಂಗ್ಲರನ್ನು ವಿಚಾರಿಸುವ ಅಧಿಕಾರ ಜಪಾನೀ ನ್ಯಾಯಾಲಯಗಳಿಗೆ ಇರಲಿಲ್ಲ. 1841ರಲ್ಲಿ ರೈತರ ಮನೆಯಲ್ಲಿ ಜನಿಸಿದ ಇಟೋ ಹಿರೊಬುಮಿಯವರು 1863ರಲ್ಲಿ ಗುಟ್ಟಾಗಿ ಹಡಗನ್ನೇರಿ ಲಂಡನ್ನಿಗೆ ತೆರಳಿ ವ್ಯಾಸಂಗ ಮಾಡಿದರು. 1885ರಲ್ಲಿ ಜಪಾನಿನ ಪ್ರಥಮ ಪ್ರಧಾನಿಯಾದರು. 1889ರ ಸಂವಿಧಾನದ ರಚನೆಯಲ್ಲಿ ಮುಂದಾಳಾದರು. ಕಾನೂನುಗಳೂ ನ್ಯಾಯಾಲಯಗಳೂ ಹೊಸ ರೂಪ ತಳೆದವು. ಇದನ್ನು ಕಂಡ ಬ್ರಿಟನ್ 1894ರಲ್ಲಿ, ಇಟೋ ಅವರೇ ಮತ್ತೆ ಪ್ರಧಾನಿಯಾಗಿದ್ದಾಗ, ತನ್ನ ವಿಶೇಷ ಹಕ್ಕನ್ನು ಬಿಟ್ಟುಕೊಡಲೊಪ್ಪಿತು. 1899ರಲ್ಲಿ ಆ ಹಕ್ಕು ಕೊನೆಗೊಂಡಿತು.

ಆದರೆ ತಾನು ಕಳಚಿಕೊಂಡ ನೊಗಕ್ಕಿಂತಲೂ ಭಾರವಾದುದನ್ನು ಜಪಾನ್ ಕೊರಿಯದ ಕೊರಳಿಗೆ ಹೇರಿತು. ಅಲ್ಲಿನ ಪ್ರಥಮ ರೆಸಿಡೆಂಟ್ ಜನರಲ್ ಇಟೋ ಅವರೇ. 1909ರಲ್ಲಿ ಮಂಚೂರಿಯದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯದ ದೇಶಭಕ್ತನೊಬ್ಬನ ಗುಂಡಿಗೆ ಬಲಿಯಾದರು. ಮನೆಯನ್ನು ತಿದ್ದಿಕೊಂಡವನಿಗೆ ಹೊರಗೆ ಮನ್ನಣೆಯುಂಟು; ಅದನ್ನು ನೆರೆಯವನಿಗೂ ಸಲ್ಲಿಸಿದರೆ ಮಾತ್ರ ಅದು ಉಳಿದೀತೆಂದು ನಾವು ಭಾವಿಸುತ್ತೇವೆ.