ಪು.ತಿ.ನ. ಗೀತನಾಟಕಗಳಲ್ಲಿ ಹೆಣ್ಣಿನ ಎಚ್ಚರ

ಪುರೋಹಿತ ತಿರುನಾರಾಯಣ ನರಸಿಂಹಾಚಾರ್ಯರು 1905ರಲ್ಲಿ ಮೇಲುಕೋಟೆಯಲ್ಲಿ ಜನಿಸಿದರು. ಚೆಲುವನಾರಾಯಣನ ಗುಡಿಯ ಉತ್ಸವ, ವಾದ್ಯಗಳ ನಡುವೆ ಬೆಳೆದವರು ಜೀವನೋಪಾಯಕ್ಕೆ ಹಿಡಿದದ್ದು ಮೈಸೂರು ಸೈನ್ಯದ ಕಚೇರಿಯ ನೌಕರಿಯನ್ನು. ‘ಅಹಲ್ಯೆ’ (1941) ಗೀತನಾಟಕದಲ್ಲಿ ಅವರು ಪುರಾಣದ ಪತಿತೆಯನ್ನು ಕಾಮ-ಧರ್ಮಗಳ ಸಂಘರ್ಷದ ನಡುವೆ ತನ್ನನ್ನು ತಾನೇ ಅರಿಯುವ ಹೆಣ್ಣಾಗಿ ಕಂಡರು. ಶಾಪವು ಅಲ್ಲಿ ಬರಿಯ ದಂಡನೆಯಾಗಿ ಉಳಿಯುವುದಿಲ್ಲ. ಈ ಒಳತೋಟಿಗೆ ಮಾತು ಸಾಲದೆಂದೇ ಕವಿ ರಾಗವನ್ನು ಆಶ್ರಯಿಸಿದರೆನ್ನಬೇಕು. ‘ಗೋಕುಲ ನಿರ್ಗಮನ’ದಲ್ಲಿ (1945) ಕೃಷ್ಣನು ಮಥುರೆಗೆ ಹೊರಟರೂ ಕೊಳಲು ಹಿಂದುಳಿಯುತ್ತದೆ, ಅಗಲಿಕೆಯ ಅರಿವು ರಾಧೆಯ ಪಾಲಿಗೆ ಬರುತ್ತದೆ. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1998ರಲ್ಲಿ ಅವರು ನಿಧನರಾದರು. ವಿಮರ್ಶೆಯು ಈ ರೂಪಕಗಳನ್ನು ಹಾಡಿಸಿ ಕೇಳಿದ್ದಕ್ಕಿಂತ ಓದಿ ಅಳೆದದ್ದೇ ಹೆಚ್ಚು.