ಲಂಡನ್ನಿನ ಮೋರಿ ಕಟ್ಟಿದ ಇಂಜಿನಿಯರ್: ಜೋಸೆಫ್ ಬ್ಯಾಜಲ್ಜೆಟ್

ಸಿವಿಲ್ ಇಂಜಿನಿಯರ್ ಅಂದ ಕೂಡಲೇ ಕಣ್ಣ ಮುಂದೆ ಬರೋದು ಸೇತುವೆ, ಅಣೆಕಟ್ಟು, ಮುಗಿಲೆತ್ತರದ ಕಟ್ಟಡ. ಮೋರಿ ಕಟ್ಟಿ ದೊಡ್ಡ ಹೆಸರು ಮಾಡಿದವರು ಯಾರಾದರೂ ಇದ್ದಾರಾ ಅಂತ ಕೇಳಿದರೆ, ಇದ್ದಾರೆ. ಅವರೇ ಜೋಸೆಫ್ ಬ್ಯಾಜಲ್ಜೆಟ್.

ಹುಟ್ಟಿದ್ದು 1819ರಲ್ಲಿ, ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ. ಹಿರಿಯ ಇಂಜಿನಿಯರೊಬ್ಬರ ಕೈಕೆಳಗೆ ಕೆಲಸ ಕಲಿತು, 1842ರಲ್ಲಿ ಸ್ವಂತ ಕಚೇರಿ ತೆರೆದರು. ಆಗ ಇಂಗ್ಲೆಂಡಿಗೆ ರೈಲಿನ ಹುಚ್ಚು ಹಿಡಿದಿತ್ತು. ಹಗಲು ರಾತ್ರಿ ದುಡಿದು 1847ರ ಹೊತ್ತಿಗೆ ಆರೋಗ್ಯ ಕೆಟ್ಟು ಮಲಗಿಬಿಟ್ಟರು. ಚೇತರಿಸಿಕೊಂಡು 1849ರಲ್ಲಿ ಲಂಡನ್ನಿನ ಚರಂಡಿ ಇಲಾಖೆಗೆ ಸೇರಿದರು.

ಸೇರಿದ ಕಾಲವಾದರೂ ಎಂಥದ್ದು! ಊರಿನ ಕೊಳಚೆಯೆಲ್ಲ ಥೇಮ್ಸ್ ನದಿಗೆ ಬೀಳುತ್ತಿತ್ತು; ಅದೇ ನದಿಯ ನೀರನ್ನು ಎಷ್ಟೋ ಜನ ಕುಡಿಯುತ್ತಿದ್ದರು. 1848-49ರ ಕಾಲರಾಕ್ಕೆ ಸುಮಾರು 14,000 ಮಂದಿ, 1853-54ರದ್ದಕ್ಕೆ 10,000ಕ್ಕೂ ಹೆಚ್ಚು ಮಂದಿ ಲಂಡನ್ನಿನಲ್ಲಿ ಸತ್ತರು. 1856ರಲ್ಲಿ ಬ್ಯಾಜಲ್ಜೆಟ್ ಹೊಸ ಮಂಡಳಿಯ ಮುಖ್ಯ ಇಂಜಿನಿಯರ್ ಆದರು. ಪ್ಲಾನ್ ಇತ್ತು, ದುಡ್ಡು ಇರಲಿಲ್ಲ. 1858ರ ಬೇಸಿಗೆಯಲ್ಲಿ ನದಿ ಎಷ್ಟು ನಾತ ಹೊಡೆಯಿತೆಂದರೆ, ದಂಡೆಯಲ್ಲೇ ಇದ್ದ ಸಂಸತ್ತಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ವರ್ಷಗಟ್ಟಲೆ ಎಳೆದಾಡಿದ್ದ ಕಾನೂನು ಕೆಲವೇ ದಿನಗಳಲ್ಲಿ ಪಾಸಾಯಿತು! 30 ಲಕ್ಷ ಪೌಂಡ್ ಸಾಲಕ್ಕೆ ಒಪ್ಪಿಗೆಯೂ ಸಿಕ್ಕಿತು.

ಪ್ಲಾನ್ ಸರಳ. ನದಿಗೆ ಹೋಗುವ ಚರಂಡಿಗಳನ್ನು ಅಡ್ಡಗಟ್ಟಿ, ಉತ್ತರ ದಡದಲ್ಲಿ ಮೂರು, ದಕ್ಷಿಣದಲ್ಲಿ ಎರಡು ದೊಡ್ಡ ಸುರಂಗ ಮೋರಿಗಳ ಮೂಲಕ ಕೊಳಚೆಯನ್ನು ಊರಾಚೆ ಪೂರ್ವಕ್ಕೆ ಒಯ್ಯೋದು. ಇಳಿತದ ಹೊತ್ತಿನಲ್ಲಿ ಬಿಟ್ಟರೆ ಸಮುದ್ರದ ಕಡೆ ಹೋಗುತ್ತೆ. ಒಟ್ಟು 82 ಮೈಲಿ ಮುಖ್ಯ ಮೋರಿ, ಸುಮಾರು 31 ಕೋಟಿ 80 ಲಕ್ಷ ಇಟ್ಟಿಗೆ.

ಕಷ್ಟ ಇದ್ದದ್ದು ಅಪಾಯದ ಲೆಕ್ಕದಲ್ಲಿ. ಅಂದಿನ ಜನಸಂಖ್ಯೆ ಸುಮಾರು 25 ಲಕ್ಷ. ಅವರು ಲೆಕ್ಕ ಹಾಕಿದ್ದು ಸುಮಾರು 35 ಲಕ್ಷಕ್ಕೆ. ಪೋರ್ಟ್‌ಲ್ಯಾಂಡ್ ಸಿಮೆಂಟ್ ಆಗ ಹೊಸದು. ನೀರಿನಲ್ಲಿ ಗಟ್ಟಿಯಾಗುತ್ತೆ ನಿಜ, ಆದರೆ ಗೂಡಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಸುಟ್ಟರೂ ಕೈಕೊಡುತ್ತೆ. ಹೊಸದು ಅಂತ ದೂರ ಇಡಲೂ ಇಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಬಂದ ಸಿಮೆಂಟಿನ ಮಾದರಿಗಳನ್ನು ನೀರಿನಲ್ಲಿ ಏಳು ದಿನ ನೆನೆಸಿ, ಎಳೆದು ಪರೀಕ್ಷಿಸಿ, ಫೇಲಾದದ್ದನ್ನು ವಾಪಸ್ ಕಳಿಸುವ ಪದ್ಧತಿ ತಂದರು. ನಾವು ಲ್ಯಾಬಿನಲ್ಲಿ ಬೇಜಾರಿನಿಂದ ಮಾಡುವ ಸಿಮೆಂಟ್ ಟೆಸ್ಟಿನ ಹಿಂದೆ ಇಂಥ ಕಥೆ ಇದೆ ನೋಡಿ.

ತಮಾಷೆ ಅಂದ್ರೆ, ಅಂದಿನ ಬಹುತೇಕರ ಹಾಗೆ ಅವರ ಮಂಡಳಿಯೂ ರೋಗ ಬರೋದು ದುರ್ವಾಸನೆಯಿಂದ ಅಂತಲೇ ನಂಬಿತ್ತು. ಕಾರಣ ತಪ್ಪಾಗಿದ್ದರೂ ಪರಿಹಾರ ಸರಿಯಾಗಿತ್ತು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಮುಖ್ಯವಾಗಿ ಬಲಿಯಾದದ್ದು ಹೊಸ ಮೋರಿಯ ಜಾಲ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್. ಅಲ್ಲಿ 5,500ಕ್ಕೂ ಹೆಚ್ಚು ಜನ ಸತ್ತರು. ಯೋಜನೆ ತಡವಾದರೆ ಆಗೋದು ಬರೀ ಖರ್ಚಲ್ಲ. ಆ ಬಳಿಕ ಲಂಡನ್ನಿನಲ್ಲಿ ಅಂಥ ಕಾಲರಾ ಮತ್ತೆ ಬರಲಿಲ್ಲ.

ಹಾಗಂತ ಎಲ್ಲವೂ ಸುಖಾಂತ್ಯವಲ್ಲ. ಕೊಳಚೆ ಊರಿನಿಂದ ಹೋಯಿತೇ ಹೊರತು ಶುದ್ಧವಾಗಿರಲಿಲ್ಲ. ಅಪಾಯ ಕೆಳಹರಿವಿನ ಜನರ ಪಾಲಿಗೆ ಬಂತು. 1878ರ ಸೆಪ್ಟೆಂಬರ್ 3ರಂದು, ಮೋರಿ ಬಿಡುವ ಜಾಗದ ಹತ್ತಿರವೇ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸತ್ತವರು 600ಕ್ಕೂ ಹೆಚ್ಚು. ಅವರು ಬಿದ್ದದ್ದು ಆಗಷ್ಟೇ ಹೊರಬಿಟ್ಟಿದ್ದ ಕೊಳಚೆಯ ನೀರಿಗೆ. ನದಿ ಕೆಡುತ್ತಿರುವುದು ತಮ್ಮ ಮೋರಿಗಳಿಂದಲ್ಲ ಅಂತ ಮಂಡಳಿ ವಾದಿಸುತ್ತಲೇ ಇತ್ತು. ಬ್ಯಾಜಲ್ಜೆಟ್ ಕೂಡ ಅದೇ ಪಕ್ಷ. ಕೊನೆಗೆ ಸರ್ಕಾರಿ ಆಯೋಗವೇ ಕೂತು ಹೇಳಿದ ಮೇಲೆ, ಗಟ್ಟಿ ಕೆಸರನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಒಯ್ಯುವ ವ್ಯವಸ್ಥೆ 1887ರಲ್ಲಿ ಶುರುವಾಯಿತು. ಅದರ ಮೊದಲ ಹಡಗಿಗೆ ಇಟ್ಟ ಹೆಸರು ಬ್ಯಾಜಲ್ಜೆಟ್!

1891ರಲ್ಲಿ ಅವರು ತೀರಿಕೊಂಡರು. ಜೋರು ಮಳೆಯಲ್ಲಿ ಮೋರಿ ತುಂಬಿದರೆ ಮನೆಗಳಿಗೆ ನುಗ್ಗದಿರಲಿ ಅಂತ ಹೆಚ್ಚಿನ ನೀರು ನದಿಗೇ ಹೋಗುವ ಹಾಗೆ ಅವರು ದಾರಿ ಬಿಟ್ಟಿದ್ದರು. ಊರು ಬೆಳೆದು, ಅಪರೂಪಕ್ಕೆ ಇದ್ದದ್ದು ಮಾಮೂಲಿಯಾಯಿತು. ಅದನ್ನು ತಡೆಯಲು ಥೇಮ್ಸ್ ಕೆಳಗೆ 25 ಕಿ.ಮೀ. ಉದ್ದದ ಹೊಸ ಸುರಂಗ ಕೊರೆದು, 2025ರಲ್ಲಿ ಪೂರ್ತಿ ಜೋಡಿಸಿದ್ದಾರೆ. ಹಳೆಯ ಮೋರಿಗಳನ್ನು ಕಿತ್ತು ಹಾಕಿಲ್ಲ, ಇವತ್ತಿಗೂ ಅವು ಹರಿಯುತ್ತಿವೆ.

ನಾಳೆ ನಾವೂ ಒಂದು ಡ್ರಾಯಿಂಗಿಗೆ ಸಹಿ ಹಾಕುತ್ತೇವೆ. ಎಷ್ಟು ಜನರಿಗೆ ಅನುಕೂಲ ಅನ್ನೋದನ್ನ ಯಾರಾದರೂ ಕೇಳೇ ಕೇಳ್ತಾರೆ. ಪೈಪಿನ ಆ ತುದಿಯಲ್ಲಿ ಯಾರಿದ್ದಾರೆ ಅನ್ನೋದನ್ನ ಮಾತ್ರ ನಾವೇ ಕೇಳಿಕೊಳ್ಳಬೇಕು.