ಸಮಾಧಿಯ ಬಳಿಯಲ್ಲಿ ಪಾಸ್ಖದ ಬೆಳಕು: ಮೊಲೊಕಾಯ್ ದ್ವೀಪದ ಸಂತ ಡೇಮಿಯನ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡುವ ಭಾಗ್ಯ ನಮಗೆ ದೊರೆಯಿತು. ಒಂದೇ ಕಪಾಟಿನಲ್ಲಿ ಜ್ಞಾನಸ್ನಾನದ ಪುಸ್ತಕವೂ ಇದೆ, ಮರಣದ ಪುಸ್ತಕವೂ ಇದೆ. ಮೊದಲನೆಯದರಲ್ಲಿ ಬರೆದ ಹೆಸರು ಒಂದಲ್ಲ ಒಂದು ದಿನ ಎರಡನೆಯದರಲ್ಲಿ ಬರೆಯಲ್ಪಡಲೇಬೇಕು. ಪ್ರತಿ ಭಾನುವಾರ ವಿಶ್ವಾಸ ಸಂಗ್ರಹವನ್ನು ಹೇಳುವಾಗ ಸತ್ತವರ ಪುನರುತ್ಥಾನವನ್ನು ನಾವೆಲ್ಲರೂ ಒಕ್ಕೊರಲಿನಿಂದ ಒಪ್ಪಿಕೊಳ್ಳುತ್ತೇವೆ. ಆದರೆ ಸಾವು ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಆ ವಿಶ್ವಾಸವು ಬಾಯಿಮಾತಾಗಿ ಉಳಿಯುತ್ತದೆಯೋ, ಅಥವಾ ನಡುಗುವ ಕೈಕಾಲುಗಳಿಗೆ ಬಲ ಕೊಡುತ್ತದೆಯೋ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರ ಕಥೆಯನ್ನು ನಾವು ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಊಟದ ವೇಳೆಯ ಪಠಣದಲ್ಲಿ ಮೊದಲು ಕೇಳಿದೆವು. ಅಂದು ಅವರಿಗೆ ಇನ್ನೂ ಸಂತ ಪದವಿ ದೊರೆತಿರಲಿಲ್ಲ. ಅವರೇ ಮೊಲೊಕಾಯ್ ದ್ವೀಪದ ಫಾದರ್ ಡೇಮಿಯನ್.

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು ಅವರು ಜನಿಸಿದರು. ಜೋಸೆಫ್ ಡಿ ವ್ಯೂಸ್ಟರ್ ಎಂಬುದು ಅವರ ಮೊದಲ ಹೆಸರು. ತಂದೆ ಬೇಸಾಯ ಮತ್ತು ಧಾನ್ಯ ವ್ಯಾಪಾರದಿಂದ ಸಂಸಾರ ಸಾಗಿಸುತ್ತಿದ್ದರು. ಮಗನೂ ವ್ಯಾಪಾರಕ್ಕೆ ಕೈಜೋಡಿಸಲಿ ಎಂಬುದೇ ಅವರ ಅಪೇಕ್ಷೆ. ಆದರೆ ದೇವರ ಕರೆ ಬೇರೆಯಾಗಿತ್ತು. 1859ರಲ್ಲಿ ಜೋಸೆಫರು ತಮ್ಮ ಅಣ್ಣನವರು ಸೇರಿದ್ದ ಯೇಸುಮರಿಯರ ಪವಿತ್ರ ಹೃದಯಗಳ ಸಭೆಯನ್ನು ಲೂವೆನ್ ನಗರದಲ್ಲಿ ಸೇರಿ ಡೇಮಿಯನ್ ಎಂಬ ಹೆಸರನ್ನು ತಳೆದರು. 1860ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನಲ್ಲಿ ಅವರು ತಮ್ಮ ವ್ರತಗಳನ್ನು ಸ್ವೀಕರಿಸಿದರು. ಆ ಸಭೆಯ ಪದ್ಧತಿಯಂತೆ ಅವರು ನೆಲದ ಮೇಲೆ ಸಾಷ್ಟಾಂಗವಾಗಿ ಮಲಗಿರಲು, ಶವಕ್ಕೆ ಹೊದಿಸುವ ವಸ್ತ್ರವನ್ನು ಅವರ ಮೇಲೆ ಹೊದಿಸಲಾಯಿತು. ಕ್ರಿಸ್ತರೊಡನೆ ಸತ್ತು, ಕ್ರಿಸ್ತರೊಡನೆ ಎದ್ದೇಳುವುದಕ್ಕೆ ಅದು ಗುರುತು. ಜ್ಞಾನಸ್ನಾನ ಪಡೆದವರೆಲ್ಲರೂ ಕ್ರಿಸ್ತರೊಡನೆ ಹೂಳಲ್ಪಟ್ಟವರೆಂದು ಪ್ರೇಷಿತ ಪೌಲರು ರೋಮಿನವರಿಗೆ ಬೋಧಿಸಿದ ಸತ್ಯವೂ ಇದೇ. ಇಪ್ಪತ್ತು ವರ್ಷದ ಆ ಯುವಕನು ಆ ವಸ್ತ್ರದಡಿಯಲ್ಲಿ ಕಲಿತ ಪಾಠವನ್ನು ಮುಂದೆ ಎಂದೂ ಮರೆಯಲಿಲ್ಲ.

ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣನವರು ಜ್ವರದಿಂದ ಹಾಸಿಗೆ ಹಿಡಿದಾಗ, ಅವರ ಸ್ಥಾನದಲ್ಲಿ ತಮ್ಮನ್ನು ಕಳುಹಿಸಬೇಕೆಂದು ಡೇಮಿಯನ್ ಬೇಡಿ ಅನುಮತಿ ಪಡೆದರು. ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನವೇ ಹೊನೊಲುಲು ಬಂದರನ್ನು ಮುಟ್ಟಿದರು. ಅದೇ ವರ್ಷ ಮೇ 21ರಂದು ಅವರಿಗೆ ಗುರುಪಟ್ಟ ದೊರೆಯಿತು. ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದ ಬೆಟ್ಟಗುಡ್ಡಗಳಲ್ಲಿ ಅಲೆದು, ಸ್ವತಃ ಮರಗೆಲಸ ಮಾಡಿ ಗುಡಿಗಳನ್ನು ಕಟ್ಟಿ, ಜನರಿಗೆ ಸುವಾರ್ತೆಯನ್ನು ಸಾರಿದರು.

ಆ ಕಾಲದಲ್ಲಿ ಹವಾಯಿಯ ಜನರನ್ನು ಕುಷ್ಠರೋಗವು ಕಾಡತೊಡಗಿತ್ತು. ಅದಕ್ಕೆ ಔಷಧವಿರಲಿಲ್ಲ. 1865ರಲ್ಲಿ ಅಲ್ಲಿನ ಸರ್ಕಾರವು ರೋಗಿಗಳನ್ನು ಪ್ರತ್ಯೇಕಿಸುವ ಕಾನೂನನ್ನು ತಂದಿತು. 1866ರಿಂದ ಅವರನ್ನು ಮೊಲೊಕಾಯ್ ದ್ವೀಪದ ಕಲೌಪಾಪ ಎಂಬ ಭೂಶಿರಕ್ಕೆ ಸಾಗಿಸಲಾಯಿತು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದುನಿಂತ ಬೆಟ್ಟ. ತಾಯಿಯ ಮಡಿಲಿನಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಅಗಲಿಸಿ ಅಲ್ಲಿಗೆ ಕಳುಹಿಸುತ್ತಿದ್ದರು. ಹೋದವರು ಮರಳುವಂತಿರಲಿಲ್ಲ. ಲೋಕದ ಲೆಕ್ಕದಲ್ಲಿ ಅವರು ಉಸಿರಾಡುತ್ತಿರುವಾಗಲೇ ಸತ್ತವರಾಗಿದ್ದರು.

1873ರ ಮೇ ತಿಂಗಳಲ್ಲಿ ಧರ್ಮಾಧ್ಯಕ್ಷರಾದ ಮೈಗ್ರೆಯವರು ತಮ್ಮ ಗುರುಗಳ ಮುಂದೆ ಈ ಜನರ ವಿಷಯವನ್ನು ಪ್ರಸ್ತಾಪಿಸಿದರು. ಆಜ್ಞೆಯ ಬಲದಿಂದ ಯಾರನ್ನೂ ಅಲ್ಲಿಗೆ ಕಳುಹಿಸಲು ಅವರಿಗೆ ಮನಸ್ಸಿರಲಿಲ್ಲ. ನಾಲ್ವರು ಗುರುಗಳು ಸರದಿಯಂತೆ ಹೋಗಲು ಮುಂದೆ ಬಂದರು. ಮೊದಲ ಸರದಿ ಡೇಮಿಯನ್‌ರದು. ಮೇ 10ರಂದು ಅವರು ಅಲ್ಲಿ ಕಾಲಿಟ್ಟಾಗ ವಯಸ್ಸು ಮೂವತ್ತಮೂರು. ಸರದಿಗೆಂದು ಹೋದವರು ಅಲ್ಲಿಯೇ ಉಳಿದರು.

ಮೊದಲ ದಿನಗಳಲ್ಲಿ ಅವರಿಗೆ ಮನೆಯಿರಲಿಲ್ಲ. ಸಂತ ಫಿಲೋಮಿನಾರವರ ಹೆಸರಿನ ಪುಟ್ಟ ಗುಡಿಯ ಪಕ್ಕದಲ್ಲಿ, ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರದ ಕೆಳಗೆ ಮಲಗುತ್ತಿದ್ದರು. ಅಲ್ಲಿ ಅವರು ಕಂಡ ದೃಶ್ಯ ಎಂಥವರನ್ನೂ ಕುಗ್ಗಿಸುವಂಥದು. ಹುಣ್ಣುಗಳ ದುರ್ವಾಸನೆ, ಮದ್ಯಪಾನ, ಬಲಹೀನರ ಮೇಲೆ ಬಲಶಾಲಿಗಳ ದಬ್ಬಾಳಿಕೆ. ಇವೆಲ್ಲಕ್ಕೂ ಮೂಲವಾದ ನಿರಾಶೆ. ಸತ್ತವರಿಗಂತೂ ಮರ್ಯಾದೆಯೇ ಇರಲಿಲ್ಲ. ಎಷ್ಟೋ ಮಂದಿಯನ್ನು ಪೆಟ್ಟಿಗೆಯಿಲ್ಲದೆ ಆಳವಿಲ್ಲದ ಗುಂಡಿಗಳಲ್ಲಿ ಹೂಳಲಾಗುತ್ತಿತ್ತು.

ಡೇಮಿಯನ್‌ರು ಗರಗಸ, ಸುತ್ತಿಗೆ, ಗುದ್ದಲಿಗಳನ್ನು ಕೈಗೆತ್ತಿಕೊಂಡರು. ತಾವೇ ಶವಪೆಟ್ಟಿಗೆಗಳನ್ನು ಮಾಡಿದರು. ತಾವೇ ಸಮಾಧಿಗಳನ್ನು ತೋಡಿದರು. ಗುಡಿಯ ಪಕ್ಕದಲ್ಲಿ ಸಮಾಧಿಭೂಮಿಗೆ ಬೇಲಿ ಕಟ್ಟಿದರು. ಸತ್ತವರನ್ನು ಸಾಗಿಸಲು ಒಂದು ಸಂಘವನ್ನೇ ಸ್ಥಾಪಿಸಿದರು. ಶಿಲುಬೆಯನ್ನು ಮುಂದಿಟ್ಟುಕೊಂಡು, ವಾದ್ಯ ನುಡಿಸುತ್ತ, ಪ್ರಾರ್ಥಿಸುತ್ತ ರೋಗಿಗಳೇ ತಮ್ಮ ಸೋದರನನ್ನು ಬೀಳ್ಕೊಡುತ್ತಿದ್ದರು. ಈ ದೇಹವು ಎಸೆಯತಕ್ಕ ಕಸವಲ್ಲ, ಕಡೆಯ ದಿನ ಎದ್ದೇಳಲಿರುವ ಬಿತ್ತನೆಯ ಬೀಜ ಎಂಬುದನ್ನು ಅವರು ಪ್ರಸಂಗಪೀಠದಿಂದ ಮಾತ್ರವಲ್ಲ, ಗುದ್ದಲಿಯಿಂದಲೂ ಬೋಧಿಸಿದರು. ಸತ್ತವರಿಗೆ ಇಂಥ ಗೌರವ ಸಲ್ಲುವುದನ್ನು ಕಂಡಾಗ ಬದುಕಿದ್ದವರಿಗೂ ತಮ್ಮ ಬೆಲೆ ತಿಳಿಯಿತು.

ಸತ್ತವರನ್ನು ಹೀಗೆ ಗೌರವಿಸಿದವರು ಬದುಕಿರುವವರನ್ನು ಮರೆಯಲಿಲ್ಲ. 1874ರ ಬಿರುಗಾಳಿಗೆ ಗುಡಿಸಲುಗಳು ಹಾರಿಹೋದಾಗ, ಮರಮುಟ್ಟುಗಳನ್ನು ತರಿಸಿ ಜನರೊಡನೆ ಮನೆಗಳನ್ನು ಕಟ್ಟಿದರು. ಕೊಳವೆಗಳ ಮೂಲಕ ನೀರನ್ನು ಹಳ್ಳಿಗೆ ಹರಿಸಿದರು. ಅನಾಥ ಮಕ್ಕಳಿಗೆ ಆಶ್ರಯ ನೀಡಿದರು. ಹುಣ್ಣುಗಳನ್ನು ತೊಳೆದು ಕಟ್ಟಿದರು. ರೋಗಿಗಳ ಪಾತ್ರೆಯಿಂದಲೇ ಊಟ ಮಾಡಿದರು. ಬಲಿಪೂಜೆಯ ಪ್ರಸಂಗದಲ್ಲಿ ರೋಗಿಗಳನ್ನು ಬೇರೆಯವರೆಂದು ಎಣಿಸದೆ, ತಾವೂ ಅವರಲ್ಲಿ ಒಬ್ಬರೆಂಬಂತೆ ಮಾತಾಡುತ್ತಿದ್ದರು.

ಅವರಿಗೆ ಭಯದುಃಖಗಳು ಇರಲಿಲ್ಲವೆಂದು ತಿಳಿಯಬಾರದು. ಪಾಪನಿವೇದನೆ ಕೇಳಲು ಮತ್ತೊಬ್ಬ ಗುರುಗಳಿಲ್ಲದಿರುವುದೇ ಅವರಿಗೆ ಅತಿ ದೊಡ್ಡ ಸಂಕಟ. ಒಮ್ಮೆ ಮೇಲಧಿಕಾರಿಗಳು ಹಡಗಿನಲ್ಲಿ ಬಂದಾಗ ದಡಕ್ಕೆ ಇಳಿಯಲು ಅಪ್ಪಣೆಯಿರಲಿಲ್ಲ. ಡೇಮಿಯನ್‌ರು ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ಗುರುಗಳಿಗೆ ತಮ್ಮ ಪಾಪಗಳನ್ನು ಗಟ್ಟಿಯಾಗಿ ಹೇಳಿ ಕ್ಷಮೆ ಪಡೆದರು. ಅವರು ಮುಂಗೋಪಿಗಳೂ ಹಟವಾದಿಗಳೂ ಆಗಿದ್ದರು. ಮೇಲಧಿಕಾರಿಗಳೊಡನೆ ಅವರಿಗೆ ಮನಸ್ತಾಪಗಳಾದವು. 1884ರ ಡಿಸೆಂಬರಿನಲ್ಲಿ ಕುದಿಯುವ ನೀರಿಗೆ ಕಾಲಿಟ್ಟಾಗ ಚರ್ಮ ಸುಟ್ಟಿತಾದರೂ ನೋವು ತಿಳಿಯಲಿಲ್ಲ. ರೋಗವು ತಮ್ಮನ್ನೂ ಹಿಡಿದಿದೆಯೆಂದು ಅವರಿಗೆ ಅರ್ಥವಾಯಿತು. ಮರುವರ್ಷ ವೈದ್ಯರು ಅದನ್ನು ಖಚಿತಪಡಿಸಿದರು. ಬಳಿಕ ಮನಸ್ಸನ್ನು ಕತ್ತಲೆ ಕವಿದ ದಿನಗಳೂ ಬಂದವು. ಸ್ವರ್ಗಕ್ಕೆ ತಾವು ಯೋಗ್ಯರೇ ಎಂಬ ಸಂಶಯವೂ ಅವರನ್ನು ಬಾಧಿಸಿತು. ಆಗ ಅವರು ಆತುಕೊಂಡದ್ದು ಪರಮ ಪ್ರಸಾದದ ಪ್ರಭುವನ್ನು. ಪೀಠದ ಮೇಲಿನ ಪ್ರಭುವು ಸತ್ತವರಲ್ಲ, ಎದ್ದವರು. ಆ ಜೊತೆಗಾರರಿಲ್ಲದೆ ಅಲ್ಲಿ ಬಾಳುವುದು ತಮ್ಮಿಂದಾಗದೆಂದು ಅವರು ಅರಿತಿದ್ದರು.

ಕೊನೆಯ ವರ್ಷಗಳಲ್ಲಿ ದೇವರು ಅವರಿಗೆ ಸಹಾಯಕರನ್ನು ಕಳುಹಿಸಿದರು. 1886ರಲ್ಲಿ ಜೋಸೆಫ್ ಡಟನ್ ಎಂಬ ಅಮೆರಿಕದ ಮಾಜಿ ಸೈನಿಕರೂ, 1888ರಲ್ಲಿ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀ ಮದರ್ ಮರಿಯಾನ್ ಕೋಪ್ ಅವರೂ ಬಂದರು. 1889ರ ಮಾರ್ಚ್ ಕೊನೆಯಲ್ಲಿ ಡೇಮಿಯನ್‌ರು ಹಾಸಿಗೆ ಹಿಡಿದರು. ಆ ವರ್ಷದ ಪಾಸ್ಖ ಹಬ್ಬವನ್ನು ಸ್ವರ್ಗದಲ್ಲಿ ಆಚರಿಸುವ ಆಸೆ ಅವರದಾಗಿತ್ತು. ಗರಿಗಳ ಭಾನುವಾರದ ಮರುದಿನ, ಏಪ್ರಿಲ್ 15ರ ಬೆಳಿಗ್ಗೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಮೊದಲ ರಾತ್ರಿಗಳನ್ನು ಕಳೆದ ಆ ಮರದ ಬುಡದಲ್ಲಿಯೇ, ತಾವು ಹೂಳಿದ ಮಕ್ಕಳ ನಡುವೆ, ಅವರ ದೇಹಕ್ಕೆ ವಿಶ್ರಾಂತಿ ದೊರೆಯಿತು.

1936ರಲ್ಲಿ ಅವರ ಪಾರ್ಥಿವ ಶರೀರವನ್ನು ಬೆಲ್ಜಿಯಂಗೆ ಒಯ್ಯಲಾಯಿತು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುಣ್ಯವಂತರೆಂದು ಸಾರಿದಾಗ, ಪೆಟ್ಟಿಗೆಗಳನ್ನು ಮಾಡಿ ಹುಣ್ಣುಗಳನ್ನು ಕಟ್ಟಿದ ಬಲಗೈ ಮೊಲೊಕಾಯ್‌ಗೆ ಮರಳಿತು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು. ಅವರು ದ್ವೀಪವನ್ನು ಸೇರಿದ ಮೇ 10ರಂದೇ ಅವರ ಹಬ್ಬ. ಕುಷ್ಠರೋಗವು ಇಂದು ಔಷಧದಿಂದ ಪೂರ್ಣವಾಗಿ ಗುಣವಾಗುವ ಕಾಯಿಲೆ.

ಆದರೆ ಭಯವೆಂಬ ಕಾಯಿಲೆ ಗುಣವಾಗಿಲ್ಲ. 2020 ಮತ್ತು 2021ರ ಮಹಾಮಾರಿಯ ದಿನಗಳು ನಮ್ಮೆಲ್ಲರ ನೆನಪಿನಲ್ಲಿವೆ. ಆಗ ಕೆಲವರ ಅಂತ್ಯಕ್ರಿಯೆಗೆ ಬಂಧುಗಳೂ ಬರಲಾಗಲಿಲ್ಲ. ನಾವು ಸಹ ಸಮಾಧಿಯಿಂದ ದೂರ ನಿಂತು, ನಡುಗುವ ದನಿಯಲ್ಲಿ ಪ್ರಾರ್ಥನೆ ಹೇಳಿದ್ದುಂಟು. ಎಚ್ಚರಿಕೆ ಬೇಕಾಗಿತ್ತು, ನಿಜ. ಆದರೆ ನಮ್ಮ ನಡುಕವೆಲ್ಲವೂ ಎಚ್ಚರಿಕೆಯಾಗಿರಲಿಲ್ಲವೆಂದು ಇಂದು ಒಪ್ಪಿಕೊಳ್ಳುತ್ತೇವೆ. ಆ ದಿನ ಹೆಗಲು ಕೊಟ್ಟ ಯುವಕರೇ ನಮಗೆ ಡೇಮಿಯನ್‌ರನ್ನು ನೆನಪಿಗೆ ತಂದರು.

ಪ್ರಿಯ ಭಕ್ತರೇ, ನೂರು ವರ್ಷಗಳಿಂದ ನಮ್ಮ ದೇವಾಲಯದ ಗಂಟೆ ಪಾಸ್ಖ ಹಬ್ಬಕ್ಕೂ ಮೊಳಗಿದೆ, ಮರಣಕ್ಕೂ ಮೊಳಗಿದೆ. ಎರಡೂ ಒಂದೇ ಗಂಟೆ ಎಂಬುದನ್ನು ಮರೆಯದಿರೋಣ. ಹಾಸಿಗೆ ಹಿಡಿದ ನೆರೆಯವನ ಮನೆಗೆ ಹೋಗೋಣ. ಯಾರೂ ಇಲ್ಲದವನ ಶವಕ್ಕೆ ಹೆಗಲು ಕೊಡೋಣ. ಪುನರುತ್ಥಾನವನ್ನು ನಂಬುವವರ ಕೈಗಳು ಮಾಡಬೇಕಾದ ಕೆಲಸ ಇದೇ.

ಸಂತ ಡೇಮಿಯನ್‌ರೇ, ನಮಗಾಗಿ ಪ್ರಾರ್ಥಿಸಿರಿ.